ಮುಂಗಡ ಕೊಡುವ ಮೊದಲು ಏನೇನು ನೋಡಬೇಕು? ಮೊದಲ ಬಾರಿ ಮನೆ ಕೊಳ್ಳುವವರಿಗೆ ಅನುಭವಸ್ಥರ ಸಲಹೆ

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆಯಿಂದ

ನಾನು ಮತ್ತು ನನ್ನ ಪತ್ನಿ ಇಬ್ಬರೂ ಖಾಸಗಿ ಕಂಪನಿಗಳಲ್ಲಿ ದುಡಿಯುತ್ತಿದ್ದೇವೆ. ಕೈಗೆ ಬರುವ ಸಂಬಳ ಇಬ್ಬರದೂ ಸೇರಿ ತಿಂಗಳಿಗೆ 95 ಸಾವಿರ, ಮನೆ ಬಾಡಿಗೆ 18 ಸಾವಿರ, ಈವರೆಗಿನ ಉಳಿತಾಯ 14 ಲಕ್ಷ. ನಮ್ಮ ಮುಂದೆ ಎರಡು ಆಯ್ಕೆಗಳಿವೆ. ನೆಲಮಂಗಲದಾಚೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 26 ಲಕ್ಷಕ್ಕೆ ಮೂವತ್ತು–ನಲವತ್ತರ ಸೈಟು ಒಂದು. ಇನ್ನು ಹತ್ತು ತಿಂಗಳಲ್ಲಿ ಮುಗಿಯುವುದೆಂದು ಹೇಳಲಾಗಿರುವ, 62 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಇನ್ನೊಂದು. ಸೈಟಿಗೆ ಪಂಚಾಯಿತಿಯ ನಮೂನೆ 11ಬಿ ಎಂಬ ದಾಖಲೆ ಇದೆಯೆಂದೂ, ಭಾನುವಾರದೊಳಗೆ 2 ಲಕ್ಷ ಟೋಕನ್ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆಂದೂ ಏಜೆಂಟರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ನಿವೃತ್ತ ಶಿಕ್ಷಕಿ, ಹೊಸಕೋಟೆ

ಭಾನುವಾರದ ಗಡುವನ್ನು ದಯವಿಟ್ಟು ಮರೆತುಬಿಡಿ. 2011ರಲ್ಲಿ ನನಗೂ ಇಂಥದೇ ಒಂದು ಗಡುವು ಇಟ್ಟಿದ್ದರು. ಒಡವೆ ಅಡವಿಟ್ಟು ಮುಂಗಡ ಕೊಟ್ಟೆ. ಕ್ರಯಪತ್ರ ನೋಂದಣಿಯಾಯಿತು, ಪಂಚಾಯಿತಿಯಲ್ಲಿ ಕೈಬರಹದ ಖಾತೆಯೂ ಆಯಿತು, ಕಂದಾಯದ ರಸೀದಿಯೂ ಕೈಗೆ ಬಂತು. ಇಷ್ಟಾದ ಮೇಲೆ ಇನ್ನೇನು ಬೇಕು ಎಂದುಕೊಂಡಿದ್ದೆ. 2017ರಲ್ಲಿ ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳಿದ್ದು ಭೂ ಪರಿವರ್ತನೆಯ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಕೊಡುವ ಅನುಮತಿಯ, ಆದೇಶವನ್ನು, ಆಮೇಲೆ ಕೇಳಿದ್ದು ಬಡಾವಣೆಯ ಅನುಮೋದಿತ ನಕ್ಷೆಯನ್ನು. ನನ್ನಲ್ಲಿ ಎರಡೂ ಇರಲಿಲ್ಲ. ಕೃಷಿ ಜಮೀನನ್ನು ಪರಿವರ್ತಿಸದೆಯೇ ಗೆರೆ ಎಳೆದು ಸೈಟು ಮಾಡಿ ಮಾರಿದ್ದರು. ಸಾಲ ಸಿಗಲಿಲ್ಲ, ಸೈಟು ಇಂದಿಗೂ ಖಾಲಿಯಿದೆ.

ಪರಿವರ್ತನೆ, ಅನುಮೋದನೆ ಎರಡೂ ಆದ ಸ್ವತ್ತಿಗೆ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11ಎ ಇರುವ ಸೈಟು ಬೇರೆ, 11ಬಿ ಮಾತ್ರ ಇರುವ ಸೈಟು ಬೇರೆ. 11ಬಿ ಇದ್ದರೆ ಪಂಚಾಯಿತಿಯ ಲೆಕ್ಕದಲ್ಲಿ ಆ ಸ್ವತ್ತು ದಾಖಲಾಗಿದೆ ಎಂದರ್ಥವೇ ಹೊರತು ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಲ್ಲ. ಮುಂದೆ ಸಕ್ರಮವಾಗುತ್ತದೆ ಎಂಬ ಭರವಸೆಯ ಮೇಲೆ 26 ಲಕ್ಷ ಹಾಕಬೇಡಿರೆಂದು ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಉತ್ತರ: ವಕೀಲರ ಕಚೇರಿಯಲ್ಲಿ 19 ವರ್ಷದಿಂದ ಆಸ್ತಿ ದಾಖಲೆ ಪರಿಶೀಲಿಸುತ್ತಿರುವವನು

ಮೇಡಂ ಹೇಳಿದ್ದು ಅಕ್ಷರಶಃ ನಿಜ. ಅದರ ಜೊತೆಗೆ, ಪರಿವರ್ತನೆಯಾದ ಜಮೀನಿನಲ್ಲೂ ಎಡವುವ ಜಾಗಗಳು ಎಲ್ಲಿವೆಯೆಂದು ಹೇಳುತ್ತೇನೆ.

ಹೆಚ್ಚಿನವರು ಋಣಭಾರ ಪತ್ರ, ಅಂದರೆ ಇ.ಸಿ., ನೋಡಿದರೆ ಎಲ್ಲ ಮುಗಿಯಿತೆಂದು ಭಾವಿಸುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇ.ಸಿ. ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು, ಕನಿಷ್ಠ 30 ವರ್ಷದ್ದನ್ನು ತೆಗೆಸಬೇಕು. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ನಡುವೆ ನಡೆಯುತ್ತಿರುವ ವಿಭಾಗದ ದಾವೆಯಾಗಲಿ, ನೋಂದಣಿಯಾಗದ ಕರಾರಾಗಲಿ, ಯಾರದೋ ಬಳಿ ಮೂಲಪತ್ರ ಇಟ್ಟು ತಂದ ಕೈಸಾಲವಾಗಲಿ ಅದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಜೆರಾಕ್ಸ್ ಪ್ರತಿಗೆ ತೃಪ್ತರಾಗದೆ ಮೂಲಪತ್ರಗಳನ್ನೇ ಕಣ್ಣಾರೆ ನೋಡಬೇಕು. ಮಾರುವವರ ಹೆಸರಿನಲ್ಲಿ ಮೊಕದ್ದಮೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಬೇಕು.

ಎರಡನೆಯದು ವಂಶವೃಕ್ಷ. ಪಿತ್ರಾರ್ಜಿತ ಜಮೀನಾಗಿದ್ದರೆ ಹೆಣ್ಣುಮಕ್ಕಳ ಸಹಿಯೂ ಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ತಿದ್ದುಪಡಿಯ ವೇಳೆಗೆ ತಂದೆ ತೀರಿಕೊಂಡಿದ್ದರೂ ಅದು ಅನ್ವಯಿಸುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. "ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಿದ್ದೇವೆ" ಎಂಬ ಮಾತನ್ನು ಕೇಳಿ ಮುಂದುವರಿಯಬೇಡಿ.

ಮೂರನೆಯದನ್ನು ಕಣ್ಣಮುಂದಿನ ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಮಾಗಡಿ ರಸ್ತೆಯ ಸೈಟೊಂದರ ಕಡತ ನಮ್ಮ ಕಚೇರಿಗೆ ಬಂದಿತ್ತು. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಪರಿವರ್ತನೆ ಆದೇಶ, ನಕ್ಷೆ, ಎಲ್ಲವೂ ಇದ್ದವು. ಹಿಂದಿನ ಮ್ಯುಟೇಶನ್ ಪುಟಗಳನ್ನು ತಿರುವುತ್ತ ಹೋದಾಗ, ಮಸಿ ಮಾಸಿದ ಒಂದು ಸಾಲಿನಲ್ಲಿ "ದರಖಾಸ್ತು ಮಂಜೂರಾತಿ" ಎಂಬ ಎರಡು ಪದಗಳು ಕಂಡವು. ಹಳೆಯ ಸಾಗುವಳಿ ಚೀಟಿ (ಮಂಜೂರಾದ ಜಮೀನಿನ ಪತ್ರ) ತರಿಸಿದಾಗ, ಆ ಜಮೀನು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದೆಂದು ತಿಳಿಯಿತು. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲವೆಂದು 1978ರ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆ ಹೇಳುತ್ತದೆ, ಜಮೀನು ಮರಳಿ ಕೊಡಿಸುವಂತೆ ಆ ಕುಟುಂಬದವರು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು, 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯೂ ಇಲ್ಲ. ಬಡವರ ನೆಲ ಉಳಿಸಲು ಬಂದ ನ್ಯಾಯವಾದ ಕಾನೂನು ಅದು. ಕೊಳ್ಳುವವರು ಅದನ್ನು ತೊಡಕೆಂದು ಬೈಯುವ ಬದಲು ಮೊದಲೇ ವಿಚಾರಿಸಿಕೊಳ್ಳುವುದು ಧರ್ಮ. ನಮ್ಮ ಕಕ್ಷಿದಾರರು ಆ ಸೈಟನ್ನು ಬಿಟ್ಟರು.

ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡು "ಆಮೇಲೆ ರಿಜಿಸ್ಟರ್ ಮಾಡಿಸೋಣ" ಎನ್ನುವ ವ್ಯವಹಾರವೂ ಬೇಡ. ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಉತ್ತರ: ಬ್ಯಾಂಕಿನ ಗೃಹಸಾಲ ವಿಭಾಗದ ಉದ್ಯೋಗಿ, ಮೈಸೂರು

ನಾನು ಫ್ಲ್ಯಾಟಿನ ಲೆಕ್ಕ ಹೇಳುತ್ತೇನೆ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಲೆಯ ಶೇ. 80ರಷ್ಟನ್ನು ಮಾತ್ರ ಕೊಡಬಹುದು. 62 ಲಕ್ಷಕ್ಕೆ ಅದು 49.6 ಲಕ್ಷವಾಗುತ್ತದೆ, ಉಳಿದ 12.4 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಎರಡೂ ಸೇರಿ ಸುಮಾರು 4.7 ಲಕ್ಷ, ಮತ್ತು ಇದು ಬೆಲೆಯಲ್ಲಿ ಸೇರದಿರುವುದರಿಂದ ಇದಕ್ಕೆ ಸಾಲ ಸಿಗುವುದಿಲ್ಲ. ಕಟ್ಟಡ ಮುಗಿದಿಲ್ಲವಾದ್ದರಿಂದ ಶೇ. 5 ಜಿ.ಎಸ್.ಟಿ., ಅಂದರೆ 3.1 ಲಕ್ಷ. ಒಟ್ಟು ಕೈಯಿಂದ 20 ಲಕ್ಷ ಮೀರುತ್ತದೆ, ನಿಮ್ಮಲ್ಲಿರುವುದು 14. ಈ ಕೊರತೆಯನ್ನು ವೈಯಕ್ತಿಕ ಸಾಲದಿಂದ ತುಂಬಿಕೊಂಡ ಕುಟುಂಬಗಳು ಎರಡೇ ವರ್ಷದಲ್ಲಿ ಕಂಗೆಟ್ಟಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 43 ಸಾವಿರ. ಮೊದಲ ಕಂತಿನಲ್ಲಿ 35 ಸಾವಿರಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಎಂಟು ಸಾವಿರದೊಳಗೆ. ಕಟ್ಟಡ ಮುಗಿಯುವವರೆಗೆ ಬಾಡಿಗೆಯ ಜೊತೆಗೆ, ಬಿಡುಗಡೆಯಾದ ಸಾಲದ ಬಡ್ಡಿಯನ್ನೂ ಕಟ್ಟುತ್ತಿರಬೇಕು. ಒಂದೂವರೆ–ಎರಡು ವರ್ಷ ತಡೆದು, ಉಳಿತಾಯ ಹೆಚ್ಚಿಸಿಕೊಂಡು, ಸ್ವಾಧೀನಾನುಭವ ಪ್ರಮಾಣಪತ್ರ (ಕಟ್ಟಡ ಮುಗಿದು ವಾಸಕ್ಕೆ ಸಿದ್ಧವೆಂದು ಕೊಡುವ ಓ.ಸಿ.) ಪಡೆದಿರುವ 45–50 ಲಕ್ಷದೊಳಗಿನ ಫ್ಲ್ಯಾಟ್ ನೋಡುವುದು ನಿಮಗೆ ಕ್ಷೇಮ. ಆ ಪ್ರಮಾಣಪತ್ರ ಬಂದ ಮೇಲೆ ಬಿಲ್ಡರ್ ಮಾರುವ ಫ್ಲ್ಯಾಟಿಗೆ ಜಿ.ಎಸ್.ಟಿ. ಇರುವುದಿಲ್ಲ.

ಉತ್ತರ: ಫ್ಲ್ಯಾಟ್ ಮಾಲೀಕರು, ಬೆಂಗಳೂರು

ನಮಗೆ ಹೇಳಿದ್ದು 1,180 ಚದರಡಿ, ಒಳಗೆ ಟೇಪು ಹಿಡಿದಾಗ ಸಿಕ್ಕಿದ್ದು 790. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟೆಂದು ಕೇಳಿ, ಅದರ ಮೇಲೆ ದರ ಲೆಕ್ಕ ಹಾಕಿರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಅದರ ಜಾಲತಾಣದಲ್ಲಿ ತೆರೆದು, ಯೋಜನೆ ಮುಗಿಸುವ ದಿನಾಂಕ ಯಾವುದೆಂದು ಓದಿರಿ. ನೋಂದಾಯಿತ ಕರಾರು ಮಾಡಿಕೊಳ್ಳದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯಲು ಬಿಲ್ಡರಿಗೆ ಅಧಿಕಾರವಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಒಂದು ಬೆಳಗ್ಗೆ ಆರಕ್ಕೆ ಆ ಬೀದಿಗೆ ಹೋಗಿ ನಿಲ್ಲಿರಿ. ಎಷ್ಟು ನೀರಿನ ಟ್ಯಾಂಕರ್ ಬರುತ್ತವೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪರಿವರ್ತನೆ ಆದೇಶದ ಪ್ರತಿ ಕೇಳಿದೆ. "ಟೋಕನ್ ಆದ ಮೇಲೆ ಕೊಡುತ್ತೇವೆ" ಎಂದರು. ಸೈಟನ್ನು ಬಿಟ್ಟಿದ್ದೇವೆ. ಮುಂದೆ ಸರಿಯಾದ ಫ್ಲ್ಯಾಟ್ ಸಿಕ್ಕಾಗ ಮುಂಗಡದ ಕರಾರಿನಲ್ಲಿ ಏನು ಬರೆಸಬೇಕು?

ಉತ್ತರ: ವಕೀಲರ ಕಚೇರಿಯವನು

ಮುಂಗಡವನ್ನು ನಗದಿನಲ್ಲಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಿ. ಹಕ್ಕುಪತ್ರಗಳಲ್ಲಿ ದೋಷ ಕಂಡುಬಂದರೆ, ಅಥವಾ ಆ ದೋಷದ ಕಾರಣಕ್ಕೆ ಬ್ಯಾಂಕು ಸಾಲ ನಿರಾಕರಿಸಿದರೆ, ಮುಂಗಡವನ್ನು ಪೂರ್ತಿಯಾಗಿ ಇಷ್ಟು ದಿನದೊಳಗೆ ಹಿಂದಿರುಗಿಸತಕ್ಕದ್ದು ಎಂಬ ಷರತ್ತನ್ನು ದಿನದ ಸಂಖ್ಯೆ ನಮೂದಿಸಿ ಬರೆಸಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಮಾಡಿ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಕಡಿತದ ದರ ಬಹಳ ಹೆಚ್ಚಿರುವುದರಿಂದ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ. ಕರಾರಿಗೆ ಮಾರುವವರ ಮನೆಯ ಹೆಣ್ಣುಮಕ್ಕಳ ಸಹಿ ಬೇಕಾಗಿದ್ದರೆ, ಕ್ರಯದ ದಿನದವರೆಗೆ ಕಾಯದೆ ಅಂದೇ ಹಾಕಿಸಿಕೊಳ್ಳಿ.