ಅಪ್‌ಡೇಟ್: ಅಪ್ಪನ ಕಾರಿನ ಗಡಿಯಾರ ಮತ್ತೆ ನಡೆಯುತ್ತಿದೆ

ತೀರ್ಥಹಳ್ಳಿಯ ಮನೆಯಲ್ಲಿರುವ ಅಪ್ಪನ 1974ರ ಜರ್ಮನ್ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರ ನಿಂತುಹೋಗಿದೆ, ರಿಪೇರಿ ಮಾಡಿಸಲೇ, ಬದಲಿಸಲೇ ಎಂದು ಕೇಳಿದ್ದೆ. ರಿಪೇರಿಯೇ ಆಯಿತು. ಒಳಗೆ ಕ್ವಾರ್ಟ್ಜ್ ಯಂತ್ರ ಕೂರಿಸಿ ಎಂದವರು ಬೇಸರಿಸಬೇಡಿ. ಅದು ಸುಲಭವೇನೋ ನಿಜ, ಆದರೆ ಎರಡು ನಿಮಿಷಕ್ಕೊಮ್ಮೆ ಕೇಳುವ ಆ ‘ಟಕ್’ ಸದ್ದು ಅದರಲ್ಲಿ ಎಲ್ಲಿ ಬರಬೇಕು?

ರೋಗವೂ ಆ ಸದ್ದಿನ ಜಾಗದಲ್ಲೇ ಇತ್ತು. ಇದರೊಳಗಿರುವುದು ಕೀಲಿ ಗಡಿಯಾರದಂಥ ಸ್ಪ್ರಿಂಗ್. ಅದು ಸಡಿಲವಾದಾಗ ಎರಡು ಪಾಯಿಂಟ್‌ಗಳು (ಕರೆಂಟ್ ಹರಿಸುವ ಲೋಹದ ತುದಿಗಳು) ಕೂಡುತ್ತವೆ, ಕರೆಂಟ್ ಹರಿದು ಮ್ಯಾಗ್ನೆಟ್ ಟಕ್ಕನೆ ಎಳೆದು ಮತ್ತೆ ಕೀಲಿ ಕೊಡುತ್ತದೆ. ಬ್ಯಾಟರಿ ಸೊರಗಿದ್ದರೆ ಎಳೆಯುವ ಬಲ ಸಾಲದೆ ಪಾಯಿಂಟ್‌ಗಳು ಅಂಟಿಕೊಂಡೇ ಇರುತ್ತವೆ, ಮ್ಯಾಗ್ನೆಟ್ಟಿನ ತಂತಿ ಸುರುಳಿ, ಅಂದರೆ ಕಾಯಿಲ್, ಬಿಸಿಯಾಗುತ್ತದೆ. ಅದನ್ನು ಉಳಿಸಲೆಂದೇ ಇಟ್ಟಿರುವ ಸೋಲ್ಡರ್ (ಬೆಸುಗೆ ಲೋಹ) ಕರಗಿ ಸಂಪರ್ಕ ಕಡಿಯುತ್ತದೆ. ಮಳೆಗಾಲವಿಡೀ ಕಾರನ್ನು ಅಡಿಕೆ ಅಂಗಳದ ಪಕ್ಕದ ಶೆಡ್ಡಿನಿಂದ ಹೊರಗೆ ತೆಗೆದಿರಲಿಲ್ಲ. ತಪ್ಪು ನನ್ನದೇ.

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಹಿರಿಯ ಗಡಿಯಾರ ರಿಪೇರಿಯವರೊಬ್ಬರು ಸಿಕ್ಕಿದರು. ನಾನು ಮನೆಯ ಸೋಲ್ಡರ್ ತಂತಿಯನ್ನೇ ಒಯ್ದಿದ್ದೆ. “ಇದನ್ನು ಹಾಕಿದರೆ ಮುಂದಿನ ಸಲ ಕಾಯಿಲೇ ಸುಡುತ್ತದೆ ಸ್ವಾಮಿ” ಎಂದು ಗದರಿದರು. ಕಡಿಮೆ ಶಾಖಕ್ಕೆ ಕರಗುವ ತಂತಿ ತರಿಸಲು ಹತ್ತು ದಿನ ಹಿಡಿಯಿತು. ಪಾಯಿಂಟ್‌ಗಳ ಕರಿ ಒರೆಸಿ, ಅಂಟಾಗಿದ್ದ ಹಳೆಯ ಎಣ್ಣೆ ತೊಳೆದು ಕೊಟ್ಟರು.

ಇನ್ನು ಮಳೆಗಾಲದಲ್ಲಿ ಬ್ಯಾಟರಿಯ ತಂತಿ ಬಿಚ್ಚಿಡುತ್ತೇನೆ. ಗಡಿಯಾರ ಸದ್ಯ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ತಿದ್ದಲು ಅಪ್ಪ ಬಿಡುತ್ತಿಲ್ಲ. ಇದನ್ನು ನೋಡಿ ಹೊರಟರೆ ಶಿವಮೊಗ್ಗದ ಬಸ್ಸು ತಪ್ಪುವುದಿಲ್ಲವಂತೆ.