ಮನಾಲಿ ಟಿಕೆಟ್ ಆಗಿದೆ, ಹಿಮದ ಆರೆಂಜ್ ಅಲರ್ಟ್ ಬಂದಿದೆ. ಹೋಗಿ ಬಂದವರು ಅನುಭವ ಹೇಳಿ

ಅಂಬಲಪಾಡಿ ಅಕ್ಕ: ಉಡುಪಿಯಿಂದ ಐದು ಜನ ಹೊರಟಿದ್ದೇವೆ. ನಾನು, ಗಂಡ, ಎಂಟು ವರ್ಷದ ಮಗಳು, ಅತ್ತೆ, ಮಾವ. ಅತ್ತೆಗೆ ಬಿಪಿ ಉಂಟು. ಅಕ್ಟೋಬರ್ ಎರಡನೇ ವಾರ ಮನಾಲಿಯಲ್ಲಿ ಮೂರು ರಾತ್ರಿ, ಅಟಲ್ ಸುರಂಗ ದಾಟಿ ಸಿಸ್ಸುವಿನಲ್ಲಿ ಎರಡು ರಾತ್ರಿ. ಈಗ ಸಿಸ್ಸು ಇರುವ ಲಾಹೌಲ್ ಕಡೆ ಭಾರೀ ಹಿಮ ಅಂತ ಆರೆಂಜ್ ಅಲರ್ಟ್. ಅಕ್ಟೋಬರಿನಲ್ಲಿ ಇಷ್ಟು ಹಿಮ ಅಪರೂಪ ಅಂತೆ. ಸಿಸ್ಸು ಬಿಟ್ಟು ಮನಾಲಿಯಲ್ಲೇ ಐದು ದಿನ ಇರುವುದಾ, ಪೂರ್ತಿ ಕ್ಯಾನ್ಸಲ್ ಮಾಡುವುದಾ? ನಾಡಿದ್ದು ರೈಲು.

ಸುರತ್ಕಲ್ ಬುಲೆಟ್: ಅಪರೂಪ ಅಂತೀರಿ, ನಾನು ಅದರ ಒಳಗೇ ಇದ್ದೆ. 2018ರ ಸೆಪ್ಟೆಂಬರ್. ಸೆಪ್ಟೆಂಬರ್ ಮಾರ್ರೆ, ಅಕ್ಟೋಬರ್ ಕೂಡ ಅಲ್ಲ! ಮೂರು ಬೈಕ್, ಸಿಸ್ಸುವಿನಿಂದಲೂ ಆಚೆ ಕೇಲಾಂಗ್‌ನಲ್ಲಿ ಲಾಕ್. ಆಗ ಸುರಂಗ ಇರಲಿಲ್ಲ, ರೋಹ್ತಾಂಗ್ ಪಾಸ್ ಹತ್ತಿಯೇ ಮನಾಲಿಗೆ ಇಳಿಯಬೇಕು. 3,978 ಮೀಟರ್. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಬೈಕಿನ ಹ್ಯಾಂಡಲ್ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು, ಎಡಗಡೆ ಕನ್ನಡಿಗೆ ಸಿಕ್ಕಿಸಿದ್ದ ಒದ್ದೆ ಸಾಕ್ಸ್ ಹಪ್ಪಳದ ಹಾಗೆ ನಿಂತಿತ್ತು. 800 ರೂಪಾಯಿಯ ರೂಮಿಗೆ ಮಾರನೇ ದಿನದಿಂದ 2,000. ಐದು ರಾತ್ರಿ. ಪೆಟ್ರೋಲ್ ಬಾಟಲಿಗೆ 200. ಬೈಕ್‌ಗಳನ್ನು ಪಿಕಪ್‌ಗೆ ಹಾಕಿ ಇಳಿಸಿದ್ದಕ್ಕೆ 14,000. ತಪ್ಪಿದ ವಿಮಾನದ ಬದಲಿಗೆ ಹೊಸ ಟಿಕೆಟ್ 11,700, ಅದೂ ಬೆಂಗಳೂರಿಗೆ ಮಾತ್ರ. ಕೆಲವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು, ನಮಗೆ ಸರದಿಯೇ ಬರಲಿಲ್ಲ. ಆದರೂ ಹೇಳುತ್ತೇನೆ, ಹೋಗಿ. ಅಂಥದ್ದು ಜೀವನದಲ್ಲಿ ಒಮ್ಮೆ ನೋಡಬೇಕು.

ಬಿಜೈ ಟೀಚರ್: ಬೈಕಿನ ಹುಡುಗರಿಗೂ ಬಿಪಿ ಇರುವ ಅತ್ತೆಗೂ ಒಂದೇ ಸಲಹೆಯಾ? ನಾವು ಕ್ಯಾನ್ಸಲ್ ಮಾಡಿದವರು. ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗಲಿಲ್ಲ ಅಂತ ಮಂಗಳಾ ಎಕ್ಸ್‌ಪ್ರೆಸ್‌ಗೆ ತತ್ಕಾಲ್ ಮಾಡಿದ್ದು, ಅದೇ ರಾತ್ರಿ ಅಲರ್ಟ್ ಬಂತು. ಕನ್ಫರ್ಮ್ ಆದ ತತ್ಕಾಲ್‌ಗೆ ಒಂದು ಪೈಸೆ ವಾಪಸ್ ಇಲ್ಲ. ಅಲ್ಲಿಗೆ 11,600 ಹೋಯಿತು. ಹೋಟೆಲ್ 28,000, ಅವರು ಹಣ ಕೊಡಲಿಲ್ಲ, "ಒಂದು ವರ್ಷದೊಳಗೆ ಬನ್ನಿ" ಅಂತ ಒಂದು ಚೀಟಿ ಕಳಿಸಿದರು. ಚೀಟಿ ಇನ್ನೂ ಫ್ರಿಜ್ಜಿನ ಮೇಲೆ ಉಂಟು, ವರ್ಷ ಮೂರಾಯಿತು. ಟ್ಯಾಕ್ಸಿ ಅಡ್ವಾನ್ಸ್ 15,000. ವಾಪಸ್ ವಿಮಾನದಲ್ಲಿ 14,000 ಕಟ್. ಒಟ್ಟು 68,600. ಹಿಮ ಬಿದ್ದದ್ದು ಪಕ್ಕದ ಕಣಿವೆಗೆ. ನಮ್ಮವರು ಇವತ್ತಿಗೂ ಮನಾಲಿಯ ಬಿಸಿಲಿನ ಫೋಟೋ ಫಾರ್ವರ್ಡ್ ಮಾಡುತ್ತಾರೆ. ಮಾಡಲಿ. ಮತ್ತೆ ಅಂಥ ಅಲರ್ಟ್ ಬಂದರೆ ಮತ್ತೆ ಕ್ಯಾನ್ಸಲ್ ಮಾಡುತ್ತೇನೆ.

ಸುರತ್ಕಲ್ ಬುಲೆಟ್: ಆರೆಂಜ್ ಅಂದರೆ ತಯಾರಾಗಿರಿ ಅಂತ, ಮನೆಯಲ್ಲೇ ಕೂರಿ ಅಂತ ಅಲ್ಲ ಟೀಚರ್. ರೆಡ್ ಬಂದರೆ ಬೇರೆ ಮಾತು.

ಮಲ್ಪೆ ಬಂದರು: ನಮ್ಮಲ್ಲಿ ಕಡಲಿಗೆ ಇಳಿಯಬೇಡಿ ಅಂದರೆ ಇಳಿಯುವುದಿಲ್ಲ, ಬಣ್ಣ ಕೇಳುತ್ತಾ ಕೂರುವುದಿಲ್ಲ. 2017ರಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ದೋಣಿ ಹಿಂದೆ ಬರಲಿಲ್ಲ. ಆ ವಾರ ನಮ್ಮ ಬೋಟ್ ದಕ್ಕೆಯಲ್ಲೇ ಇತ್ತು. ಐಸ್ ಕರಗಿ ಹೋಯಿತು, ಕೆಲಸದವರ ಬತ್ತೆ ಕೈಯಿಂದ ಹೋಯಿತು. ಜೀವ ಉಂಟಲ್ಲ.

ಸುರತ್ಕಲ್ ಬುಲೆಟ್: ಕಡಲು ಬೇರೆ, ಗುಡ್ಡ ಬೇರೆ ಅಣ್ಣಾ. ಹಿಮ ನೋಡಿದ್ದೀರಾ?

ಮಲ್ಪೆ ಬಂದರು: ದಿನಾ ನೋಡುತ್ತೇನೆ, ಟನ್ ಲೆಕ್ಕದಲ್ಲಿ. ಬಂಗುಡೆ ಮೇಲೆ.

ಹಣ್ಣಿನ ಅಂಗಡಿ: ಎಲ್ಲ ಟೂರಿನ ಕಥೆ ಹೇಳುತ್ತಿದ್ದೀರಿ, ನಾನು ಮನೆಯಲ್ಲೇ ಕೂತು ಹಿಮದಲ್ಲಿ ದುಡ್ಡು ಕಳೆದುಕೊಂಡವ. ಸೆಂಟ್ರಲ್ ಮಾರ್ಕೆಟಿನಲ್ಲಿ ಅಂಗಡಿ ಇದ್ದ ಕಾಲ. 2018ರ ನವೆಂಬರ್ ಮೊದಲ ವಾರ ಕಾಶ್ಮೀರದಲ್ಲಿ ಹಿಮ ಬಿತ್ತು. ಮರದಲ್ಲಿ ಎಲೆ ಇನ್ನೂ ಉದುರಿರಲಿಲ್ಲ, ಅದೇ ಸಮಸ್ಯೆ. ಬೋಳು ಕೊಂಬೆಯಲ್ಲಿ ಹಿಮ ಜಾರುತ್ತದೆ, ಎಲೆ ಇದ್ದರೆ ಕೂರುತ್ತದೆ. ಬೇಗ ಬೀಳುವ ಹಿಮ ಒದ್ದೆ, ಭಾರ ಜಾಸ್ತಿ. ಸೇಬಿನ ಮರ ನಡು ಸೀಳಿ ಬಿದ್ದವು. ನನ್ನ ಪಾಲಿನ 180 ಪೆಟ್ಟಿಗೆ ಹೊತ್ತ ಲಾರಿ ಹೆದ್ದಾರಿ ಬಂದ್ ಆಗಿ ನಿಂತಲ್ಲೇ ನಿಂತಿತು. ಇಲ್ಲಿಗೆ ಬಂದಾಗ ಅಡಿಯ ಸಾಲು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಜ್ಯೂಸಿನವರಿಗೆ ಕೊಟ್ಟೆ. ಮರುವರ್ಷ ನವೆಂಬರಿನಲ್ಲಿ ಪುನಃ ಅದೇ ಕಥೆ.

ಬಿಜೈ ಟೀಚರ್: ಅಕ್ಕ ಕೇಳಿದ್ದು ಸೇಬಿನ ವಿಷಯ ಅಲ್ಲ.

ಹಣ್ಣಿನ ಅಂಗಡಿ: ನಿಮ್ಮ ಫ್ರಿಜ್ಜಿನ ಚೀಟಿಯ ವಿಷಯವೂ ಅಲ್ಲ.

ಕಟಪಾಡಿ ಡ್ರೈವರ್: ಸ್ವಂತ ಕಾರಿನಲ್ಲಿ ಹೋದವ ನಾನು. ನಮ್ಮೂರಲ್ಲಿ ರೇಡಿಯೇಟರ್‌ಗೆ ಬಾವಿ ನೀರು ಹಾಕಿದರೂ ನಡೆಯುತ್ತದೆ, ಅಲ್ವಾ? ದಾರಿಯಲ್ಲಿ ಸ್ವಲ್ಪ ಸೋರಿತು, ನೀರೇ ತುಂಬಿಸಿದೆ. ಸಿಸ್ಸುವಿನಲ್ಲಿ ರಾತ್ರಿ ಅದು ಗಟ್ಟಿಯಾಗಿ ರೇಡಿಯೇಟರ್ ಸೀಳಿತು. ಮನಾಲಿಗೆ ಎಳೆಸಿದ್ದು 9,000, ರೇಡಿಯೇಟರ್ 7,400, ನಾಲ್ಕು ದಿನ ಕಾಯುವ ಖರ್ಚು ಬೇರೆ. ಸುರಂಗ 9.02 ಕಿ.ಮೀ., ಒಳಗೆ ಎಂತದೂ ತೊಂದರೆ ಇಲ್ಲ. ತೊಂದರೆ ಎರಡೂ ಬಾಯಿಯ ಹೊರಗೆ. ಮನಾಲಿ ಬದಿಯ ಸೋಲಂಗ್‌ನಿಂದ ಮೇಲೆ ಹಿಮ ಬಿದ್ದರೆ ಪೊಲೀಸರು ಫೋರ್ ಬೈ ಫೋರ್ ಬಿಟ್ಟು ಬೇರೆ ಗಾಡಿ ಬಿಡುವುದಿಲ್ಲ. ಸುರಂಗ ತೆರೆದೇ ಇದ್ದರೂ ನೀವು ಆಚೆ ಬದಿಯಲ್ಲಿ ಬಾಕಿ.

ಅಂಬಲಪಾಡಿ ಅಕ್ಕ: ಹಾಗಾದರೆ ಮನಾಲಿಯಲ್ಲೇ ಇದ್ದರೆ ಸಾಕಾ?

ಸುರತ್ಕಲ್ ಬುಲೆಟ್: ಮೇಲೆ ಹಿಮ ಬಿದ್ದರೆ ಕೆಳಗೆ ಮಳೆ. ನಾವು ಸಿಕ್ಕಿಬಿದ್ದ ಆ ದಿನಗಳಲ್ಲೇ ಮನಾಲಿಯಲ್ಲಿ ಬಿಯಾಸ್ ನದಿ ನಿಲ್ಲಿಸಿದ್ದ ಬಸ್ಸನ್ನು ಎಳೆದುಕೊಂಡು ಹೋಯಿತು. ನದಿ ಪಕ್ಕದ ರೂಮ್ ಮಾತ್ರ ಬೇಡ.

ಬಿಜೈ ಟೀಚರ್: ಈಗ ಮಾತ್ರ ಭಯ ಹುಟ್ಟಿತಾ? ಮೊದಲು "ಹೋಗಿ" ಅಂದವರು ಯಾರು?

ಕಟಪಾಡಿ ಡ್ರೈವರ್: ಜಗಳ ಬಿಡಿ. ಅಕ್ಕಾ, ಕುಚ್ಚಲಕ್ಕಿ ತೆಗೆದುಕೊಂಡು ಹೋಗಬೇಡಿ. ಅಮ್ಮನ ಹಟಕ್ಕೆ ಆರು ಕೆ.ಜಿ. ಹೊತ್ತುಕೊಂಡು ಹೋದೆವು. ಸಿಸ್ಸು 3,000 ಮೀಟರಿಗಿಂತ ಎತ್ತರ, ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಒಂದೂವರೆ ಗಂಟೆ ಪಾತ್ರೆಯಲ್ಲಿ ಬೇಯಿಸಿದರೂ ನಡುವಿನಲ್ಲಿ ಕಲ್ಲು.

ಮಲ್ಪೆ ಬಂದರು: ಕುಕ್ಕರ್ ಇರಲಿಲ್ವಾ?

ಕಟಪಾಡಿ ಡ್ರೈವರ್: ಕುಕ್ಕರಿನಲ್ಲಿ ಮಾಡಿದ ಕುಚ್ಚಲಕ್ಕಿ ಗಂಜಿಯಾ? ಅಮ್ಮ ಮುಟ್ಟುವುದಿಲ್ಲ.

ಹಣ್ಣಿನ ಅಂಗಡಿ: ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕುಕ್ಕರೇ. ಎಂತ ಆಗಿದೆ ಈಗ?

ಮಲ್ಪೆ ಬಂದರು: ಅದು ಗಂಜಿಯೇ ಅಲ್ಲ ಬಿಡಿ. ತಿಳಿ ಎಲ್ಲಿ ಸಿಗುತ್ತದೆ ಅದರಲ್ಲಿ?

ಅಂಬಲಪಾಡಿ ಅಕ್ಕ: ಸಿಸ್ಸುವಿಗೆ ಫೋನ್ ಮಾಡಿದೆ. ಮೂರನೇ ಸಲ ಎತ್ತಿದರು. "ಬನ್ನಿ ಬನ್ನಿ, ಹೀಟರ್ ಉಂಟು" ಅಂದರು. ಹಣ ವಾಪಸ್ ಕೇಳಿದ ಕೂಡಲೇ ಲೈನ್ ಕಟ್ ಆಯಿತು. ಅತ್ತೆ ಆಗಲೇ ಎರಡು ಡಬ್ಬಿ ಚಕ್ಕುಲಿ ಮಾಡಿ ಇಟ್ಟಿದ್ದಾರೆ. ಸಿಸ್ಸುವಿನ ದುಡ್ಡು ಹೋದರೆ ಹೋಗಲಿ, ಅದನ್ನು ಬಿಟ್ಟೆ. ಮನಾಲಿಗೆ ಹೊರಡುವುದನ್ನು ನಾಳೆ ಸಂಜೆಯ ಬುಲೆಟಿನ್ ನೋಡಿ ಹೇಳುತ್ತೇನೆ ಅಂತ ಇವರಿಗೆ ಹೇಳಿದ್ದೇನೆ.

ಬಿಜೈ ಟೀಚರ್: ಚೀಟಿ ಮಾತ್ರ ತೆಗೆದುಕೊಳ್ಳಬೇಡಿ.