ಪ್ಲಾನ್ ಮಾಡಿಕೊಂಡೇ ಹೋಗುತ್ತೇವೆ, ಆದರೂ ರೋಬೋ ಮ್ಯಾಚ್‌ನ ಆಟೋದಲ್ಲಿ ಪಾರ್ಟ್‌ನರ್ ಜೊತೆ ಡಿಕ್ಕಿ. ಪರಿಹಾರ ಹೇಳಿ

ಮಲ್ಲೇಶ್ವರಂ_ಮೆಕ್ಯಾನಮ್

ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಾಗಿದೆ. ನಮ್ಮದು ರೋಬೋ ಸ್ಪರ್ಧೆಯ ಟೀಮ್. ಆಟೋ ಎಂದರೆ ಮ್ಯಾಚ್ ಶುರುವಿನಲ್ಲಿ ಡ್ರೈವರ್ ಇಲ್ಲದೆ ರೋಬೋ ಕೋಡ್‌ನಿಂದ ತಾನೇ ಓಡುವ ಭಾಗ. ಪಾರ್ಟ್‌ನರ್ ಎಂದರೆ ಆ ಮ್ಯಾಚ್‌ನಲ್ಲಿ ನಮ್ಮ ಕಡೆ ಆಡುವ ಇನ್ನೊಂದು ಟೀಮ್. ನಮ್ಮ ಶಾಲೆಯ ರೂಮಿನಲ್ಲಿ ನಾವೊಬ್ಬರೇ ಓಡಿಸಿದರೆ ಆಟೋ ಚೆನ್ನಾಗಿ ಬರುತ್ತದೆ. ಎಲ್ಲ ಬಾಲ್ ಒಳಗೆ. ಸ್ಪರ್ಧೆಗೆ ಹೋಗಿ ಪಾರ್ಟ್‌ನರ್ ಪಕ್ಕಕ್ಕೆ ಬಂದರೆ ಸಾಕು, ಎಲ್ಲ ಕೆಡುತ್ತದೆ. ಒಮ್ಮೆ ಅವರು ನಮಗೆ ಗುದ್ದಿದರು. ಇನ್ನೊಮ್ಮೆ ಬೇರೆ ಪಾರ್ಟ್‌ನರ್ ಗೋಲ್‌ನ ಬಾಲ್‌ಗಳನ್ನು ತಡೆಹಿಡಿಯುವ ಗೇಟ್ ತೆಗೆದುಬಿಟ್ಟರು, ನಾವು ಬಣ್ಣದ ಸರದಿಯಲ್ಲಿ ಜೋಡಿಸಿದ ಬಾಲ್‌ಗಳೆಲ್ಲ ಹೊರಗೆ ಹೋದವು. ಮ್ಯಾಚ್‌ಗೆ ಮೊದಲು ಮಾತಾಡಿರುವುದಿಲ್ಲ ಎಂದುಕೊಳ್ಳಬೇಡಿ. ಪ್ರತಿ ಸಲ ಕ್ಯೂನಲ್ಲಿ ನಿಂತು ಮಾತಾಡಿಯೇ ಹೋಗುತ್ತೇವೆ. ಮುಂದಿನ ಸ್ಪರ್ಧೆ ಹತ್ತಿರ ಬಂತು. ಏನು ಮಾಡಬೇಕು? ಬೇಗ ಹೇಳಿ.

ಪೀಣ್ಯ_ಪಿಐಡಿ

ಇದು ಓಡೋಮೆಟ್ರಿ ಡ್ರಿಫ್ಟ್, ಅಂದರೆ ಚಕ್ರ ತಿರುಗಿದ್ದನ್ನು ಅಳೆದು ಜಾಗ ಲೆಕ್ಕ ಹಾಕುವುದರಲ್ಲಿ ಬರುವ ತಪ್ಪು. ನೂರಕ್ಕೆ ತೊಂಬತ್ತು ಅದೇ. ರೂಮಿನ ಫೋಮ್ ಟೈಲ್ ಬೇರೆ, ಸ್ಪರ್ಧೆಯ ಟೈಲ್ ಬೇರೆ. ಪಾಡ್ ಎಂಬ ಅಳತೆಯ ಚಕ್ರ ನೆಲವನ್ನು ಸರಿಯಾಗಿ ಒತ್ತದಿದ್ದರೆ ರೋಬೋ ತಾನು ಎಲ್ಲಿದ್ದೇನೆ ಎಂದು ತಪ್ಪು ತಿಳಿಯುತ್ತದೆ. ನಿಮ್ಮ ದಾರಿ ಪಕ್ಕಕ್ಕೆ ಸರಿದಿದೆ, ಅದಕ್ಕೇ ಡಿಕ್ಕಿ. ಪಾಡ್‌ನ ಸ್ಪ್ರಿಂಗ್ ಬಿಗಿಯಾಗಿದೆಯಾ? ಪಾಡ್ ಲೆಕ್ಕ ಹಾಕುವ ಪಿನ್‌ಪಾಯಿಂಟ್ ಬೋರ್ಡ್ ಹಾಕಿದ್ದೀರಾ? ರೋಬೋ ನಡುವಿನಿಂದ ಪಾಡ್ ಎಷ್ಟು ದೂರ ಎನ್ನುವ ಆಫ್‌ಸೆಟ್ ಅಳತೆ ಯಾರು ತೆಗೆದರು?

ರಾಜಾಜಿನಗರ_ರೂಕಿ

ಯಾವ ಸ್ಪರ್ಧೆ ಅಂತಲೇ ಹೇಳಿಲ್ಲ ಅಲ್ವಾ? ವೆಕ್ಸ್ ರೋಬೋ ಸ್ಪರ್ಧೆಯಲ್ಲೂ ಎರಡು ಟೀಮ್‌ಗಳ ಅಲಯನ್ಸ್ (ಜೋಡಿ) ಇರುತ್ತದೆ. ಅಲ್ಲಿ ಆಟೋ 15 ಸೆಕೆಂಡು ಮಾತ್ರ. ಎಫ್‌ಟಿಸಿ ಅಂದರೆ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ 30. ಅದು ತಿಳಿಯದೆ ಉತ್ತರ ಹೇಳುವುದು ಹೇಗೆ?

ಮಲ್ಲೇಶ್ವರಂ_ಮೆಕ್ಯಾನಮ್

ಗೇಟ್ ಎಂದೆನಲ್ಲ. ಎಫ್‌ಟಿಸಿ, 2025-26ರ ಡಿಕೋಡ್ ಆಟ. ಪಿನ್‌ಪಾಯಿಂಟ್ ಇದೆ. ದಾರಿ ಹಾಕಲು ಪೆಡ್ರೋ ಪಾಥಿಂಗ್ ಲೈಬ್ರರಿ ಬಳಸುತ್ತೇವೆ. ಡ್ರಿಫ್ಟ್ ಇಲ್ಲ, ರೋಬೋ ಪರದೆಗೆ ಕಳಿಸುವ ಟೆಲಿಮೆಟ್ರಿ ನೋಡಿದ್ದೇವೆ.

ಪೀಣ್ಯ_ಪಿಐಡಿ

ಟೆಲಿಮೆಟ್ರಿ ಪಾಡ್ ಹೇಳಿದ್ದನ್ನೇ ಹೇಳುತ್ತದೆ. ಪಾಡ್ ತಪ್ಪಿದರೆ ಟೆಲಿಮೆಟ್ರಿಯೂ ತಪ್ಪು. ಕ್ಯಾಮೆರಾದಲ್ಲಿ ಗೋಲ್ ಮೇಲಿನ ಏಪ್ರಿಲ್‌ಟ್ಯಾಗ್ ಎಂಬ ಕಪ್ಪು-ಬಿಳಿ ಗುರುತು ನೋಡಿ ಜಾಗ ಸರಿಪಡಿಸಿಕೊಳ್ಳಿ. ಟ್ಯಾಗ್ ನಂಬರ್ ನೀಲಿ ಗೋಲ್‌ಗೆ 20, ಕೆಂಪಿಗೆ 24. ನಮ್ಮ ರೋಬೋದಲ್ಲಿ ಲೈಮ್‌ಲೈಟ್ ಕ್ಯಾಮೆರಾ ಇದೆ, ಪ್ರತಿ ಶೂಟ್‌ಗೆ ಮೊದಲು ಸರಿಪಡಿಸಿಕೊಳ್ಳುತ್ತದೆ. ಇದನ್ನು ಮಾಡಿ, ಆಮೇಲೆ ಪಾರ್ಟ್‌ನರ್ ಬಗ್ಗೆ ಮಾತಾಡೋಣ.

ಜಯನಗರ_ಡ್ರೈವ್‌ಕೋಚ್

ಪಿಐಡಿ, ಸ್ವಲ್ಪ ತಡಿ ಮಾರಾಯ. ಗೇಟ್ ತೆಗೆದದ್ದಕ್ಕೂ ಓಡೋಮೆಟ್ರಿಗೂ ಏನು ಸಂಬಂಧ?

ಮೆಕ್ಯಾನಮ್, ಇಷ್ಟು ಹೇಳಿ. ನೀವು ಎಲ್ಲಿಂದ ಶುರು ಮಾಡುತ್ತೀರಿ? ಗುದ್ದಿದ ಟೀಮ್ ಎಲ್ಲಿಂದ? ನಿಮ್ಮ ಆಟೋದಲ್ಲಿ ಎಷ್ಟು ಬಾಲ್, ಅವರದ್ದು ಎಷ್ಟು? ಡಿಕ್ಕಿ ಆದದ್ದು ನೆಲದ ಬಾಲ್‌ಗಳ ಯಾವ ಸಾಲಿನ ಹತ್ತಿರ? ಕ್ಯೂನಲ್ಲಿ ಏನು ಮಾತಾಡಿದಿರಿ, ಆಡಿದ ಮಾತನ್ನೇ ಬರೆಯಿರಿ.

ಮಲ್ಲೇಶ್ವರಂ_ಮೆಕ್ಯಾನಮ್

ನಾವು ಗೋಲ್ ಹತ್ತಿರದಿಂದ. ಅವರು ಪ್ರೇಕ್ಷಕರ ಕಡೆಯ ಸಣ್ಣ ತ್ರಿಕೋನದಿಂದ. ನಮ್ಮದು 9 ಬಾಲ್ ಆಟೋ, ಅವರದ್ದೂ 9. ಡಿಕ್ಕಿ ನಡುವಿನ ಸಾಲಿನ ಹತ್ತಿರ ಆಯಿತು. ಮಾತಾಡಿದ್ದು ಇಷ್ಟೇ ಅಕ್ಕ: “ನಿಮ್ಮದು ದೂರದ್ದಾ? ನಮ್ಮದು ಹತ್ತಿರದ್ದು. ಸರಿ, ಅಡ್ಡ ಬರುವುದಿಲ್ಲ.” ಅವರು ಚೆನ್ನೈ ಕಡೆಯವರು, ಇಂಗ್ಲಿಷ್‌ನಲ್ಲಿ ಮಾತಾಡಿಕೊಂಡೆವು. ಒಳ್ಳೆಯ ಹುಡುಗರು. ಆಮೇಲೆ ಅವರಿಗೂ ಬೇಜಾರಾಗಿತ್ತು.

ಜಯನಗರ_ಡ್ರೈವ್‌ಕೋಚ್

ಸರಿ, ಲೆಕ್ಕ ಇಲ್ಲೇ ಇದೆ. ನಿಧಾನವಾಗಿ ಓದಿ.

9 ಬಾಲ್ ಆಟೋ ಎಂದರೆ ಮೊದಲೇ ತುಂಬಿಕೊಂಡ 3, ಜೊತೆಗೆ ನೆಲದ ಮೇಲಿನ ತಲಾ 3 ಬಾಲ್‌ನ ಎರಡು ಸಾಲು. ಇಬ್ಬರೂ 9 ಎಂದರೆ ನಾಲ್ಕು ಸಾಲು ಬೇಕು. ಅಲಯನ್ಸ್‌ನ ಬದಿಯಲ್ಲಿ ಇರುವುದು ಮೂರೇ ಸಾಲು. ನೀವು ಗೋಲ್ ಕಡೆಯಿಂದ ಎರಡು ತೆಗೆಯುತ್ತೀರಿ, ಅವರು ಪ್ರೇಕ್ಷಕರ ಕಡೆಯಿಂದ ಎರಡು ತೆಗೆಯುತ್ತಾರೆ. ನಡುವಿನ ಸಾಲಿಗೆ ಇಬ್ಬರೂ ಬರಲೇಬೇಕು. ಪಾಡ್ ಎಷ್ಟು ಸರಿಯಾಗಿದ್ದರೂ ಡಿಕ್ಕಿ ಆಗುತ್ತದೆ. ನಿಜ ಹೇಳಬೇಕೆಂದರೆ, ಎರಡೂ ರೋಬೋ ಸರಿಯಾಗಿ ಓಡಿದ್ದಕ್ಕೇ ಡಿಕ್ಕಿಯಾದದ್ದು.

“ಹತ್ತಿರ, ದೂರ” ಎಂದರೆ ಎಲ್ಲಿಂದ ಹೊರಡುತ್ತೀರಿ ಎಂದಷ್ಟೇ ಗೊತ್ತಾಗುತ್ತದೆ. ಹನ್ನೆರಡನೇ ಸೆಕೆಂಡಿನಲ್ಲಿ ಯಾರು ಎಲ್ಲಿರುತ್ತಾರೆ ಎಂದು ಗೊತ್ತಾಗುವುದಿಲ್ಲ. ಪಾರ್ಟ್‌ನರ್ ಜೊತೆ ಮಾತಾಡಬೇಕಾದದ್ದು ಅದನ್ನೇ. ಯಾವ ಸಾಲು ಯಾರದ್ದು, ಎಷ್ಟನೇ ಸೆಕೆಂಡಿನಲ್ಲಿ ಯಾವ ಜಾಗ ಖಾಲಿ ಇರಬೇಕು.

ಈಗ ಗೇಟ್. ಗೋಲ್‌ಗೆ ಹಾಕಿದ ಬಾಲ್ ಇಳಿಜಾರಿನ ರ‍್ಯಾಂಪ್‌ಗೆ ಬಂದು ಸಾಲಾಗಿ ನಿಲ್ಲುತ್ತದೆ, ಗೇಟ್ ಅದರ ತುದಿಯಲ್ಲಿದೆ. ರ‍್ಯಾಂಪ್‌ನಲ್ಲಿ 9 ಬಾಲ್ ಮಾತ್ರ ನಿಲ್ಲುತ್ತವೆ. ಅದು ತುಂಬಿದ ಮೇಲೆ ಹೋದದ್ದು ಓವರ್‌ಫ್ಲೋ. ಬಾಲ್‌ಗೆ 3 ಪಾಯಿಂಟ್ ಬದಲು 1 ಸಿಗುತ್ತದೆ. ಹಾಗಾಗಿ ಜಾಸ್ತಿ ಬಾಲ್ ಹಾಕುವ ಟೀಮ್‌ಗೆ ಗೇಟ್ ತೆಗೆಯುವ ಆಸೆ ಇರುವುದು ಸಹಜ. ಬಣ್ಣ ಜೋಡಿಸುವ ಟೀಮ್‌ಗೆ ಅದು ಮುಚ್ಚಿಯೇ ಇರಬೇಕು. ಫೀಲ್ಡ್ ಪಕ್ಕದ ಒಬೆಲಿಸ್ಕ್ ಎಂಬ ಕಂಬ ತೋರಿಸಿದ ಮೋಟಿಫ್‌ಗೆ (ಬಣ್ಣದ ಸರದಿಗೆ) ಹೊಂದುವ ಪ್ರತಿ ಬಾಲ್‌ಗೆ 2 ಪಾಯಿಂಟ್. ಅದನ್ನು ಎಣಿಸುವುದು ಆಟೋ ಮುಗಿದಾಗ ಒಮ್ಮೆ, ಟೆಲಿಆಪ್ (ಡ್ರೈವರ್ ಓಡಿಸುವ ಭಾಗ) ಮುಗಿದಾಗ ಒಮ್ಮೆ. ಎರಡೂ ಟೀಮ್ ಒಳ್ಳೆಯದನ್ನೇ ಮಾಡುತ್ತಿರುತ್ತವೆ. ಆದರೆ ಒಂದರ ಕೆಲಸ ಇನ್ನೊಂದರ ಕೆಲಸವನ್ನು ಅಳಿಸುತ್ತದೆ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನೀವು ಹಸಿರು, ನೇರಳೆ, ನೇರಳೆ ಎಂದು ಸರದಿಯಲ್ಲಿ ಹಾಕುತ್ತಿರುತ್ತೀರಿ. ನಡುವೆ ಪಾರ್ಟ್‌ನರ್‌ನ ಒಂದು ಬಾಲ್ ಬಿದ್ದರೂ ಅಲ್ಲಿಂದ ಮುಂದಿನ ಸಾಲು ಒಂದು ಜಾಗ ಸರಿಯುತ್ತದೆ. ಗೇಟ್ ಮುಟ್ಟದಿದ್ದರೂ ಬಣ್ಣ ಕೆಡುತ್ತದೆ. ಆದ್ದರಿಂದ ಆಟೋದಲ್ಲಿ ಬಣ್ಣದ ಕೆಲಸ ಒಬ್ಬರದ್ದೇ ಇರಲಿ. ಇನ್ನೊಬ್ಬರು ಮೊದಲೇ ಹಾಕಿ ಮುಗಿಸಬೇಕು. ಅವರು ಹಾಕಿದ್ದು ಉಳಿಯಬೇಕಾ, ಗೇಟ್ ತೆಗೆದು ಖಾಲಿ ಮಾಡಬೇಕಾ ಎನ್ನುವುದನ್ನು ಮೊದಲೇ ಮಾತಾಡಿಕೊಂಡಿರಬೇಕು.

ನಾವು ಮಾಡುವುದು ಹೀಗೆ. ಫೀಲ್ಡ್‌ನ ಚಿತ್ರವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿದ್ದೇವೆ. ಮ್ಯಾಚ್ ಪಟ್ಟಿ ಬಂದ ಕೂಡಲೇ ಒಬ್ಬರು ಹಾಳೆ, ಮಾರ್ಕರ್ ಹಿಡಿದು ಪಾರ್ಟ್‌ನರ್‌ನ ಪಿಟ್‌ಗೆ (ರೋಬೋ ರಿಪೇರಿಯ ಜಾಗಕ್ಕೆ) ಹೋಗುತ್ತಾರೆ. ಕ್ಯೂನಲ್ಲಿ ಅಲ್ಲ. ಕ್ಯೂಗೆ ಬರುವ ಹೊತ್ತಿಗೆ ಕೋಡ್ ಬದಲಿಸಲು ಸಮಯ ಇರುವುದಿಲ್ಲ, ಪ್ರೋಗ್ರಾಮರ್ ಜೊತೆಯಲ್ಲಿ ಇರುವುದೂ ಇಲ್ಲ. ಪಿಟ್‌ನಲ್ಲಿ ಅವರ ದಾರಿಯನ್ನು ಅವರ ಕೈಯಿಂದಲೇ ಬರೆಸಿ. ಪಕ್ಕದಲ್ಲಿ ಸೆಕೆಂಡು ಬರೆಸಿ. ನಿಮ್ಮದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಗೆರೆಗಳು ಎಲ್ಲಿ ಕೂಡುತ್ತವೆ ಎಂದು ಇಬ್ಬರಿಗೂ ಕಾಣುತ್ತದೆ. ಭಾಷೆ ಬೇರೆಯಾದರೂ ತೊಂದರೆ ಇಲ್ಲ, ಚಿತ್ರದಲ್ಲಿ ಎಲ್ಲ ಇರುತ್ತದೆ.

ಕೋಡ್ ಕಡೆಯಿಂದ ಎರಡು ಬೇಕು. ಇನಿಟ್‌ನಲ್ಲಿ (ಶುರುವಿಗೆ ಮೊದಲು ಕೋಡ್ ಸಿದ್ಧವಾಗುವಾಗ) ಗೇಮ್‌ಪ್ಯಾಡ್‌ನ ಡಿ-ಪ್ಯಾಡ್ ಒತ್ತಿದರೆ ಡಿಲೇ ಸೆಕೆಂಡು ಬದಲಾಗಬೇಕು. ಎಷ್ಟು ಸಾಲು ತೆಗೆಯಬೇಕು ಎನ್ನುವುದೂ ಬದಲಾಗಬೇಕು. ಆರಿಸಿದ್ದು ಡ್ರೈವರ್ ಹಬ್‌ನ ಪರದೆಯಲ್ಲಿ ದೊಡ್ಡದಾಗಿ ಕಾಣಲಿ. ಒಬೆಲಿಸ್ಕ್ ತಿರುಗಿಸುವ ಮೊದಲೇ ಆರಿಸಿ ಮುಗಿಸಿ, ಗೇಮ್‌ಪ್ಯಾಡ್ ಕೆಳಗಿಡಿ. ಮೋಟಿಫ್ ಅನ್ನು ಕ್ಯಾಮೆರಾವೇ ಓದಲಿ.

ಬನಶಂಕರಿ_ಬಿಲ್ಡರ್

ಅಷ್ಟೆಲ್ಲ ಯಾಕೆ? ಇಬ್ಬರು ಕೋಚ್‌ಗಳೂ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದರೆ ಆಯಿತು. ಸ್ಪರ್ಧೆಯಲ್ಲಿ ಕಿರುಚಾಟ ಜಾಸ್ತಿ, ಪಕ್ಕದವರು ಹೇಳಿದ್ದೇ ಕೇಳಿಸುವುದಿಲ್ಲ.

ರಾಜಾಜಿನಗರ_ರೂಕಿ

ಮ್ಯಾಚ್ ನಡೆಯುವಾಗ ಡ್ರೈವ್ ಟೀಮ್ ಫೋನ್, ಇಯರ್‌ಫೋನ್ ಬಳಸುವಂತಿಲ್ಲ. ನಿಯಮ ಓದಿ ಗುರು.

ಬನಶಂಕರಿ_ಬಿಲ್ಡರ್

ಹೊರಗಿನಿಂದ ಯಾರಾದರೂ ಹೇಳಿಕೊಟ್ಟರೆ ತಾನೇ ತಪ್ಪು? ಅಲ್ಲೇ ನಿಂತ ಇಬ್ಬರು ಮಾತಾಡಿದರೆ ಏನು?

ಜಯನಗರ_ಡ್ರೈವ್‌ಕೋಚ್

ಅದೂ ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಎರಡೂ ಟೀಮ್ ಒಂದೇ ಬದಿಯಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಕೋಚ್‌ಗಳು ಇಬ್ಬರೂ ಹತ್ತಿರ ನಿಂತುಕೊಳ್ಳಿ, ಡ್ರೈವರ್‌ಗಳು ಆಚೆ ಈಚೆ ಇರಲಿ. ಅಲಯನ್ಸ್ ಮಾತು ಕೋಚ್‌ಗಳ ನಡುವೆ ಮಾತ್ರ. ನನ್ನ ಡ್ರೈವರ್ ನನ್ನ ದನಿ ಮಾತ್ರ ಕೇಳುತ್ತಾನೆ. ಗೇಟ್ ತೆಗೆಯಿರಿ ಎಂದು ಹೇಳುವವರು ಎರಡೂ ಟೀಮ್ ಸೇರಿ ಒಬ್ಬರೇ. ಯಾರು ಎಂದು ಪಿಟ್‌ನಲ್ಲೇ ತೀರ್ಮಾನ ಆಗಿರಬೇಕು.

ವಿಜಯನಗರ_ವೋಲ್ಟೇಜ್

ಒಂದು ಮಾತು. ಪಾರ್ಟ್‌ನರ್ ದುರ್ಬಲ ಟೀಮ್ ಆದರೆ ಇಷ್ಟು ಮಾತುಕತೆ ವೇಸ್ಟ್. ಟೀಮ್‌ನ ಬಲ ತೋರಿಸುವ ಓಪಿಆರ್ ಲೆಕ್ಕ ನೋಡಿ. ಕಡಿಮೆ ಇದ್ದರೆ “ನೀವು ಆಟೋದಲ್ಲಿ ಅಲ್ಲಾಡಬೇಡಿ” ಎಂದು ಹೇಳಿ. ನಾವು ಹಾಗೇ ಮಾಡುತ್ತೇವೆ, ಡಿಕ್ಕಿಯೇ ಇಲ್ಲ.

ಜಯನಗರ_ಡ್ರೈವ್‌ಕೋಚ್

ಇದನ್ನು ಒಪ್ಪುವುದಿಲ್ಲ. ಅವರೂ ತಿಂಗಳುಗಟ್ಟಲೆ ಕೂತು ರೋಬೋ ಕಟ್ಟಿಕೊಂಡು ಬಂದಿದ್ದಾರೆ. ಫೀಲ್ಡ್‌ಗೆ ಬಂದ ಮೇಲೆ ನಿಂತಿರಿ ಎಂದು ಹೇಳಲು ನಾವು ಯಾರು?

ಲೆಕ್ಕವೂ ನಿಮ್ಮ ಕಡೆ ಇಲ್ಲ. ಕ್ವಾಲಿಫೈಯರ್‌ನಲ್ಲಿ ಮೂವ್‌ಮೆಂಟ್ ರ‍್ಯಾಂಕಿಂಗ್ ಪಾಯಿಂಟ್‌ಗೆ ಲೀವ್ (ಆಟೋದಲ್ಲಿ ಶುರುವಿನ ಗೆರೆ ಬಿಡುವುದು) ಮತ್ತು ಬೇಸ್ (ಕೊನೆಯಲ್ಲಿ ಬಂದು ನಿಲ್ಲುವ ಜಾಗ) ಸೇರಿ 16 ಬೇಕು. ಇಬ್ಬರೂ ಗೆರೆ ಬಿಟ್ಟು ಹೊರಬಂದರೆ 3 ಮತ್ತು 3. ಕೊನೆಯಲ್ಲಿ ಒಂದು ರೋಬೋ ಪೂರ್ತಿ ಬೇಸ್ ಒಳಗೆ ಬಂದರೆ 10. ಸರಿಯಾಗಿ 16. ಪಾರ್ಟ್‌ನರ್ ನಿಂತೇ ಇದ್ದರೆ ಅಷ್ಟೇ ಆಟಕ್ಕೆ 13, ಪಾಯಿಂಟ್ ಕೈತಪ್ಪುತ್ತದೆ. ಬರೀ ಚಕ್ರ ತಿರುಗುವ ರೋಬೋ ಕೂಡ ಲೀವ್ ಮಾಡಬಲ್ಲದು. ಅವರಿಗೆ ಆಟೋ ಕೋಡ್ ಇಲ್ಲದಿದ್ದರೆ ನಿಮ್ಮ ಪ್ರೋಗ್ರಾಮರ್ ಪಿಟ್‌ಗೆ ಹೋಗಿ ಬ್ಲಾಕ್ಸ್ ಎಂಬ ಸುಲಭ ಕೋಡಿಂಗ್‌ನಲ್ಲಿ ನಾಲ್ಕು ಸಾಲು ಕೋಡ್ ಬರೆದುಕೊಡಲಿ.

ಓಪಿಆರ್ ಬಗ್ಗೆಯೂ ಹೇಳುತ್ತೇನೆ. ಅದು ಅಲಯನ್ಸ್‌ನ ಒಟ್ಟು ಸ್ಕೋರ್‌ನಿಂದ ಪ್ರತಿ ಟೀಮ್‌ನ ಪಾಲನ್ನು ಅಂದಾಜು ಮಾಡುವ ಲೆಕ್ಕ. ಮ್ಯಾಚ್ ಕಡಿಮೆ ಇದ್ದಾಗ ನಂಬುವಂತಿಲ್ಲ. ನಿಮಗೆ ಡಿಕ್ಕಿ ಕೊಟ್ಟ ಟೀಮ್‌ನ ಓಪಿಆರ್ ಕೂಡ ಆ ಡಿಕ್ಕಿಯಿಂದಲೇ ಇಳಿದಿರುತ್ತದೆ.

ವಿಜಯನಗರ_ವೋಲ್ಟೇಜ್

ನಾನು ಸ್ಪ್ರೆಡ್‌ಶೀಟ್‌ನಲ್ಲಿ ಆಟೋ ಪಾಯಿಂಟ್ ಬೇರೆ, ಟೆಲಿಆಪ್ ಬೇರೆ ಮಾಡಿ ಲೆಕ್ಕ ಹಾಕುತ್ತೇನೆ. ಪೂರ್ತಿ ಓಪಿಆರ್ ನೋಡುವುದಿಲ್ಲ. ಆದರೂ 16ರ ಲೆಕ್ಕ ಸರಿ ಇದೆ.

ಪೀಣ್ಯ_ಪಿಐಡಿ

ಅಕ್ಕ ಹೇಳಿದ ಸಾಲಿನ ಲೆಕ್ಕ ಒಪ್ಪಿದೆ. ಆದರೆ ಸೆಕೆಂಡು ಬರೆದುಕೊಂಡು ಆಡಬೇಕು ಎಂದರೆ ಆಟೋ ಪ್ರತಿ ಸಲ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರಬೇಕು. ಬ್ಯಾಟರಿ ಇಳಿದರೆ ಬಾಲ್ ಎಸೆಯುವ ಫ್ಲೈವೀಲ್ ವೇಗ ಹತ್ತಲು ತಡವಾಗುತ್ತದೆ, ಇಡೀ ವೇಳಾಪಟ್ಟಿ ಹಿಂದೆ ಬೀಳುತ್ತದೆ. ಆದ್ದರಿಂದ ಪಾಡ್, ಬ್ಯಾಟರಿ, ವೇಗ ಹಿಡಿದಿಡುವ ಪಿಐಡಿ ಕೋಡ್ ಮೂರೂ ನೋಡಲೇಬೇಕು. ನಮ್ಮ ಶೆಡ್‌ನಲ್ಲಿ ಪೂರ್ತಿ 12 ಅಡಿ ಫೀಲ್ಡ್ ಹಾಕಿದ್ದೇವೆ, ಎರಡೂ ಗೋಲ್ ಇವೆ. ಗೋಲ್‌ನ ತಟ್ಟೆಗಳನ್ನು ಪಕ್ಕದ ಲೇಸರ್ ಕಟಿಂಗ್ ಅಂಗಡಿಯಲ್ಲೇ ಮಾಡಿಸಿದ್ದು. ಬೇರಿಂಗ್ ಎಲ್ಲ ಎಸ್‌.ಪಿ. ರೋಡಿನಿಂದ. ಹಳೆಯ ರೋಬೋವನ್ನು ಪಾರ್ಟ್‌ನರ್ ಮಾಡಿ ಜೊತೆಯಲ್ಲೇ ಓಡಿಸಿ ಪರೀಕ್ಷೆ ಮಾಡುತ್ತೇವೆ.

ಬನಶಂಕರಿ_ಬಿಲ್ಡರ್

ಪೂರ್ತಿ ಫೀಲ್ಡಾ? ಫೋಟೋ ಹಾಕಿ! ನಮ್ಮದು ಮಹಡಿ ಮೇಲೆ ಅರ್ಧ ಫೀಲ್ಡ್, ಮಳೆ ಬಂದರೆ ಟೈಲ್ ಎತ್ತಿಕೊಂಡು ಓಡಬೇಕು. ಆದರೆ ಬಾಲ್ ಎತ್ತುವ ಇನ್‌ಟೇಕ್ ನಮ್ಮದೇ ಡಿಸೈನ್, ಮೂರು ಬಾಲ್ ಒಂದೇ ಸಲ ನುಂಗುತ್ತದೆ. ರೋಲರ್‌ಗಳನ್ನು ಟಿಪಿಯು ಎಂಬ ರಬ್ಬರ್‌ನಂಥ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ್ದೇವೆ.

ಪೀಣ್ಯ_ಪಿಐಡಿ

ಟಿಪಿಯು ಯಾವ ಗಡಸುತನ? ನಮ್ಮದು ಜಾರುತ್ತಿದೆ.

ರಾಜಾಜಿನಗರ_ರೂಕಿ

ರೋಲರ್‌ಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ನನಗೂ ಒಂದು ಕೇಳುವುದಿದೆ. ಬೇಸ್ ಜಾಗ 18 ಇಂಚು ಚದರ. ರೋಬೋವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಬ್ಬರೂ ಪೂರ್ತಿ ಒಳಗೆ ಬಂದರೆ ಬೋನಸ್ 10 ಇದೆ, ಆದರೆ ಬರುವುದು ಹೇಗೆ?

ಜಯನಗರ_ಡ್ರೈವ್‌ಕೋಚ್

ಒಂದು ರೋಬೋ ತನ್ನನ್ನು ಮೇಲೆ ಎತ್ತಿಕೊಳ್ಳಬೇಕು, ಇನ್ನೊಂದು ಕೆಳಗೆ ನುಗ್ಗಬೇಕು. ಇದನ್ನು ಮ್ಯಾಚ್ ದಿನ ಮಾತಾಡಿ ಸಾಧಿಸಲು ಆಗುವುದಿಲ್ಲ. ಎತ್ತುವವರು ಎಷ್ಟು ಎತ್ತರಕ್ಕೆ ಹೋಗುತ್ತಾರೆ, ಕೆಳಗೆ ಬರುವವರ ಎತ್ತರ ಎಷ್ಟು ಎಂದು ಟೇಪ್ ಹಿಡಿದು ಅಳೆಯಿರಿ. ಪ್ರಾಕ್ಟೀಸ್ ಫೀಲ್ಡ್‌ನಲ್ಲಿ ಒಟ್ಟಿಗೆ ಮಾಡಿ ನೋಡದೆ ಮ್ಯಾಚ್‌ನಲ್ಲಿ ಪ್ರಯತ್ನಿಸಬೇಡಿ. ಲಿಫ್ಟ್ ಇಲ್ಲದ ಅಲಯನ್ಸ್‌ನಲ್ಲಿ ಒಬ್ಬರು ಪೂರ್ತಿ ಒಳಗೆ, ಇನ್ನೊಬ್ಬರು ಅರ್ಧ ಒಳಗೆ. ಅರ್ಧಕ್ಕೆ 5 ಸಿಗುತ್ತದೆ. ಪೂರ್ತಿ ಬರುವವರು ಮೊದಲು ಹೋಗಬೇಕು, ಇಲ್ಲದಿದ್ದರೆ ಅರ್ಧ ಬಂದವರೇ ದಾರಿಗೆ ಅಡ್ಡ ನಿಲ್ಲುತ್ತಾರೆ.

ಮಲ್ಲೇಶ್ವರಂ_ಮೆಕ್ಯಾನಮ್

ಎಲ್ಲರಿಗೂ ಧನ್ಯವಾದ. ಇನಿಟ್ ಆಯ್ಕೆ ಹಾಕಿ ಆಯಿತು: ಸಾಲು 0, 1, 2 ಮತ್ತು ಡಿಲೇ. ಪರದೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಳೆ ಲ್ಯಾಮಿನೇಟ್ ಆಗಿದೆ. ಪಿಐಡಿ ಸರ್, ಶನಿವಾರ ನಿಮ್ಮ ಶೆಡ್‌ಗೆ ಬಂದು ನಿಮ್ಮ ಹಳೆಯ ರೋಬೋ ಜೊತೆ ಓಡಿಸಿ ನೋಡಬಹುದಾ?

ಒಂದು ಉಳಿದಿದೆ. ಪಾರ್ಟ್‌ನರ್ ಕೂಡ ಬಣ್ಣ ಜೋಡಿಸುವ ಟೀಮ್ ಆಗಿದ್ದು, ಅವರೂ ಬಿಟ್ಟುಕೊಡದಿದ್ದರೆ? ಆಗ ಯಾರು ಮಾಡಬೇಕು ಎಂದು ಹೇಗೆ ತೀರ್ಮಾನಿಸುವುದು?

ಪೀಣ್ಯ_ಪಿಐಡಿ

ಶನಿವಾರ ಬನ್ನಿ, ಮಧ್ಯಾಹ್ನದ ಮೇಲೆ. ಪಾಡ್ ಸ್ಪ್ರಿಂಗ್ ಕೂಡ ಅಲ್ಲೇ ನೋಡೋಣ.

ವಿಜಯನಗರ_ವೋಲ್ಟೇಜ್

ಹಿಂದಿನ ಮ್ಯಾಚ್‌ಗಳಲ್ಲಿ ಆಟೋ ಪ್ಯಾಟರ್ನ್ (ಬಣ್ಣದ) ಪಾಯಿಂಟ್ ಯಾರಿಗೆ ಜಾಸ್ತಿ ಬಂದಿದೆ ನೋಡಿ. ಅವರೇ ಮಾಡಲಿ.

ಜಯನಗರ_ಡ್ರೈವ್‌ಕೋಚ್

ಆ ಪಾಯಿಂಟ್ ಇಡೀ ಅಲಯನ್ಸ್‌ಗೆ ಬರುವುದು, ಅದರಲ್ಲಿ ಯಾರು ಜೋಡಿಸಿದರು ಎಂದು ಗೊತ್ತಾಗುವುದಿಲ್ಲ. ವಿಡಿಯೋ ಇದ್ದರೆ ಇಬ್ಬರೂ ಒಟ್ಟಿಗೆ ಕೂತು ನೋಡಿ. ಇಲ್ಲದಿದ್ದರೆ ಪ್ರಾಕ್ಟೀಸ್ ಫೀಲ್ಡ್‌ಗೆ ಹೋಗಿ ಒಬ್ಬರಾದ ಮೇಲೆ ಒಬ್ಬರು ಆಟೋ ಓಡಿಸಿ. ಯಾರ ರ‍್ಯಾಂಪ್ ಸರಿ ಬರುತ್ತದೋ ಆ ಮ್ಯಾಚ್‌ಗೆ ಬಣ್ಣ ಅವರದ್ದು, ಗೇಟ್ ಹೇಳುವುದೂ ಅವರ ಕೋಚ್. ಇನ್ನೊಬ್ಬರು 36 ಬಾಲ್ ಹಾಕಿದರೆ ಸಿಗುವ ಗೋಲ್ ರ‍್ಯಾಂಕಿಂಗ್ ಪಾಯಿಂಟ್ ಕಡೆ ನೋಡಲಿ.